ಸಂಜೆ ಐದಕ್ಕೆ ಮತ್ತೆ ಬನ್ನಿ

ಅಮರೇಶ ಮಾಸ್ತರ ಬೆಳಿಗ್ಗೆ ಅಂಗಡಿ ತೆರೆದವನೇ ದೇವರ ಫೋಟೋಕ್ಕೆ ಊದುಬತ್ತಿ ಹಚ್ಚುತ್ತಿರಲಿಲ್ಲ. ಮೊದಲು ಕಂಪ್ಯೂಟರ್ ಮುಂದೆ ಕೂತು ತನ್ನ ವೆಬ್‌ಸೈಟು ತೆರೆಯುತ್ತಿದ್ದ. ಎಷ್ಟು ಮಂದಿ ಬಂದುಹೋದರು ಎಂದು ತೋರಿಸುವ ಅಂಕಿಯೊಂದು ಪುಟದ ಕೆಳಗಿತ್ತು. ಪುಟ ಮುಚ್ಚಿ ತೆರೆದರೆ ಅದು ಒಂದು ಏರುತ್ತಿತ್ತು. ಮುಚ್ಚುವುದು, ತೆರೆಯುವುದು, ಮುಚ್ಚುವುದು, ತೆರೆಯುವುದು. ಐವತ್ತಾದ ಮೇಲೆ ಚಹಾ ತರಿಸಿ, "ನೋಡಿದೇನ ರೇಣವ್ವ, ಮುಂಜಾನೆದ್ದ ಕೂಡಲೆ ಐವತ್ತು ಮಂದಿ ಬಂದಾರ" ಎನ್ನುತ್ತಿದ್ದ. ಆ ಐವತ್ತೂ ಮಂದಿ ತಾನೇ ಎಂಬುದು ಅವನಿಗೂ ಗೊತ್ತು, ನನಗೂ ಗೊತ್ತು. ಮುಖದಲ್ಲಿ ಮಾತ್ರ ಒಂದಿಷ್ಟು ನಾಚಿಕೆ ಇರುತ್ತಿರಲಿಲ್ಲ.

ಅವನನ್ನು ಏಕವಚನದಲ್ಲೇ ಬರೆಯುತ್ತಿದ್ದೇನೆ. ಎದುರಿಗೆ ಮೂರು ವರ್ಷ "ಹೌದ್ರಿ ಮಾಸ್ತರ್ರ" ಎಂದದ್ದೇ ಸಾಕು.

ಕುಷ್ಟಗಿಯಲ್ಲಿ ಟೈಪಿಂಗ್ ಕಲಿಸುತ್ತಿದ್ದವನಾದ್ದರಿಂದ ಆ ಹೆಸರು. ಕಲಿಯುವವರು ಇಲ್ಲವಾದಾಗ ಟೈಪ್‌ರೈಟರುಗಳನ್ನು ಗುಜರಿಗೆ ಹಾಕಿ ಎರಡು ಕಂಪ್ಯೂಟರ್ ತಂದ. ಕೊಪ್ಪಳ ಬೇರೆ ಜಿಲ್ಲೆಯಾಗಿ ಹತ್ತು ವರ್ಷವಾಗುತ್ತ ಬಂದಿತ್ತು. "ಪೇಪರಿನ್ಯಾಗ ನಮ್ಮ ಸುದ್ದಿ ಬೆರಳಷ್ಟು ಬರ್ತೈತಿ. ನಾಲ್ಕೂ ತಾಲೂಕಿನ ಸುದ್ದಿ ನಾವ ಹಾಕೋಣು" ಎಂದ. ಪೇಟೆಯ ಧಾರಣೆ, ಬಸ್ಸಿನ ವೇಳೆ, ಯಾರು ತೀರಿಕೊಂಡರು, ಮಣ್ಣು ಮಾಡುವುದು ಎಷ್ಟು ಹೊತ್ತಿಗೆ, ಎಲ್ಲ ಬರುತ್ತಿತ್ತು. ಊರೂರಿನಿಂದ ಫೋನು ಬರುತ್ತಿತ್ತು, ನಾನು ಟೈಪ್ ಮಾಡುತ್ತಿದ್ದೆ. ಅಷ್ಟಕ್ಕೇ ಬಿಟ್ಟಿದ್ದರೆ ಇವತ್ತು ಕೈಮುಗಿದು ಬರೆಯುತ್ತಿದ್ದೆ.

ಹುಬ್ಬಳ್ಳಿಯಲ್ಲಿ ಯಾರೋ ಪುಣ್ಯಾತ್ಮ ಇವನ ತಲೆ ಕೆಡಿಸಿದ. ಒಮ್ಮೆ ಬಂದು ಹೋಗುವವರಿಂದ ಏನೂ ಆಗದು, ಬಂದವರು ತಿರುಗಿ ಬರಬೇಕು ಎಂದನಂತೆ. ಅಂದಿನಿಂದ ಮಾಸ್ತರನಿಗೆ ಅದೇ ಜಪ. "ಹೊಟ್ಟಿತುಂಬ ಉಣ್ಣಿಸಿ ಕಳಿಸಿದ್ರ ಯಾಂವ ತಿರುಗಿ ಬರ್ತಾನ? ಅರ್ಧಾ ಹಸಿವಿ ಇಟ್ಟ ಕಳಸ್ಬೇಕವಾ." ಬೆಳಿಗ್ಗೆಯ ಬಸ್ಸುಗಳನ್ನಷ್ಟೇ ಬೆಳಿಗ್ಗೆ ಹಾಕಿಸಿದ, ಸಂಜೆಯವಕ್ಕೆ ಮಧ್ಯಾಹ್ನ ಮತ್ತೆ ಬರಬೇಕು. ಕುಕ್ಕರಿನಲ್ಲಿ ಕೇಕು ಮಾಡುವ ಬಗೆಯನ್ನು ಅರ್ಧರ್ಧ ಮಾಡಿ ಎರಡು ದಿನಕ್ಕೆ ಹಂಚಿದ. ಹಿಟ್ನಾಳದಿಂದ ಒಬ್ಬಾಕೆ ಫೋನು ಮಾಡಿ, "ಹಿಟ್ಟು ಕಲಸಿ ಇಟ್ಟೀನ್ರಿ, ಮುಂದೇನು ಮಾಡ್ಲಿ?" ಎಂದರೆ, "ನಾಳಿ ನೋಡ್ರಿ" ಎಂದ ಭೂಪ. "ನಾಳಿತನಕ ಈ ಹಿಟ್ಟು ನಿನ್ನ ತಲಿ ಮ್ಯಾಲ ಸುರುವ್ಲೇನು?" ಎಂದಳು ಆಕೆ. ನನಗೆ ನಗು ತಡೆಯಲಾಗಲಿಲ್ಲ. ಅವನು ಮಾತ್ರ, "ಸಿಟ್ಟು ಬಂದೈತಿ ಅಂದ್ರ ನಾಳಿ ಖರೇ ಬರ್ತಾಳ" ಎಂದು ಅಂಕಿ ನೋಡುತ್ತ ಕೂತ.

ಅವನ ಈ ಆಟದ ಹಂಗಿಲ್ಲದೆ ದಿನವೂ ತಪ್ಪದೆ ಬರುತ್ತಿದ್ದವಳು ಒಬ್ಬಳೇ. ಗಂಗಾವತಿಯಿಂದ ಶಿವಲೀಲಾ ಎಂಬಾಕೆ ಒಮ್ಮೆ ಫೋನು ಮಾಡಿದ್ದಳು. "ನಮ್ಮ ತವರು ತಾವರಗೇರಾ ರೀ. ಬ್ಯಾರೆ ಜಾತ್ಯಾಗ ಲಗ್ನ ಆಗೀನಂತ ಮನಿಯವರು ಮಾತು ಬಿಟ್ಟಾರ. ಹನ್ನೊಂದು ವರ್ಷಾತು. ಊರಿನ ಸುದ್ದಿ ನಿಮ್ಮದರಾಗ ನೋಡ್ತೀನಿ. ಯಾರರೆ ಹೋದ್ರ ಅವತ್ತ ಹಾಕ್ರಿ, ನನಗ ಹೇಳೋರು ಯಾರೂ ಇಲ್ಲ" ಎಂದಿದ್ದಳು. ತಂದೆಯ ಹೆಸರು ಕೇಳಬೇಕೆಂದು ನನಗೂ ಹೊಳೆಯಲಿಲ್ಲ. ಮಾಸ್ತರನಿಗೆ ಹೊಳೆದದ್ದೇ ಬೇರೆ. "ಕೇಳಿದೇನ? ಸಾವಿನ ಸುದ್ದಿಗೆ ಮಂದಿ ದಿನಾ ಬರ್ತಾರ. ಅದರಾಗ ಐತಿ ನೋಡು ಜೀವ!" ಎಂದ.

ಒಂದು ಬೆಳಿಗ್ಗೆ ಎಂಟೂವರೆಗೆ ತಾವರಗೇರಾದಿಂದ ಫೋನು ಬಂತು. ಗಾಣದ ಬಸವಂತಪ್ಪ ತೀರಿಕೊಂಡಿದ್ದರು. ಮಣ್ಣು ಮಧ್ಯಾಹ್ನ ಎರಡಕ್ಕೆ. ನಾನು ಹೆಸರು ಟೈಪ್ ಮಾಡುವಷ್ಟರಲ್ಲಿ ಮಾಸ್ತರ ಹಿಂದೆ ಬಂದು ನಿಂತ. "ಹೆಸರು ತೆಗಿ. ಹಿಂಗ ಬರಿ: ತಾವರಗೇರಾದ ಹಿರಿಯರೊಬ್ಬರು ಇನ್ನಿಲ್ಲ. ಯಾರು? ಸಂಜೆ ಐದಕ್ಕೆ ಮತ್ತೆ ಬನ್ನಿ."

"ಮಾಸ್ತರ್ರ, ಸಾವಿನ್ಯಾಗ ಆಟ ಬ್ಯಾಡ್ರಿ. ಮಂದಿ ಮಣ್ಣಿಗೆ ಹೋಗಬೇಕ್ರಿ."

"ಹೋಗೋರಿಗೆ ಮನಿಯವರು ಹೇಳಿರ್ತಾರ. ನೀ ಬರಿ."

ಬರೆದೆ. ಬರೆದ ಕೈ ನನ್ನದೇ, ಅದನ್ನೇನೂ ಮುಚ್ಚಿಡುವುದಿಲ್ಲ. ಒಂಬತ್ತಕ್ಕೆಲ್ಲ ಫೋನು ರಿಂಗಾಗತೊಡಗಿತು. ಮಾಸ್ತರ ರಿಸೀವರ್ ತೆಗೆದು ಮೇಜಿನ ಮೇಲಿಟ್ಟ. "ಫೋನಿನ್ಯಾಗ ಹೇಳಿದ್ರ ಸೈಟಿಗೆ ಯಾರು ಬರ್ತಾರ?" ಎಂದ. ಅಂದು ಅಂಕಿ ಅವನ ಬೆರಳಿನ ಸಹಾಯವಿಲ್ಲದೆ ಏರಿತು. ಮಧ್ಯಾಹ್ನ ಖುಷಿಯಲ್ಲಿ ಮಿರ್ಚಿ ಭಜಿ ತರಿಸಿದ. ನಾನು ಮುಟ್ಟಲಿಲ್ಲ.

ಮರುದಿನ ಹತ್ತಕ್ಕೆ ಹೆಣ್ಣುಮಗಳೊಬ್ಬಳು ಬಾಗಿಲಲ್ಲಿ ನಿಂತಳು. ಕಣ್ಣು ಊದಿದ್ದವು. "ನಾ ಶಿವಲೀಲಾ ರೀ, ಗಂಗಾವತಿಯಿಂದ."

ಮಾಸ್ತರ ಹಲ್ಲು ಕಿಸಿದು ಎದ್ದ. "ಬರ್ರಿ ಬರ್ರಿ ಅಕ್ಕಾರ! ನಮ್ಮ ಖಾಯಂ ಮಂದಿ ನೀವು. ಕೂಡ್ರಿ. ಏ ರೇಣವ್ವ, ಚಾ ಹೇಳು."

ಆಕೆ ಕೂರಲಿಲ್ಲ. "ಬಸವಂತಪ್ಪ ನಮ್ಮಪ್ಪ ರೀ. ಇಪ್ಪತ್ತು ಸಲ ಫೋನ್ ಹಚ್ಚಿದೆ, ಹತ್ತಲಿಲ್ಲ. ಯಾರು ಸತ್ತಾರಂತ ಊರಾಗ ಹೋಗಿ ಕೇಳೋ ಹಂಗ ಇರಲಿಲ್ಲ. ಐದಕ್ಕ ಹೆಸರು ನೋಡಿದೆ. ನಿಮಗ ಯಾವಾಗ ಗೊತ್ತಾತ್ರಿ?"

ಮಾಸ್ತರ ಗೋಡೆ ನೋಡಿದ, ಫ್ಯಾನು ನೋಡಿದ. ಆಮೇಲೆ ನನ್ನ ಕಡೆ ಬೆರಳು ಮಾಡಿದ. "ಟೈಪ್ ಮಾಡೋದೆಲ್ಲ ಈಕೀನ ರೀ. ಈಕೀನ ಕೇಳ್ರಿ."

ಥೂ, ಅವನ ಜನ್ಮಕ್ಕಿಷ್ಟು! ಒಂದು "ತಪ್ಪಾತ್ರಿ" ಎನ್ನಲು ಅವನ ಬಾಯಿಗೇನು ಬಂದಿತ್ತು?

"ಎಂಟೂವರೀಗೆ ಗೊತ್ತಾಗಿತ್ರಿ, ಅಕ್ಕಾರ" ಎಂದೆ.

ಆಕೆ ಸೆರಗು ಸರಿಮಾಡಿಕೊಂಡು ಮೆಟ್ಟಿಲಿಳಿದಳು. ನಾನು ಬ್ಯಾಗು ಹೆಗಲಿಗೆ ಹಾಕಿದೆ.

"ಏ, ನೀ ಎಲ್ಲಿ ಹೊಂಟಿ? ಇವತ್ತಿಂದು ಯಾರು ಟೈಪ್ ಮಾಡ್ತಾರ?" ಎಂದ ಮಾಸ್ತರ. ಅವನ ಬಾಯಿಂದ ನಾನು ಕೇಳಿದ ಕಡೆಯ ಮಾತು ಅದು. ಆ ಅಂಗಡಿ ಮುಚ್ಚಿ ಎಷ್ಟೋ ವರ್ಷವಾಯಿತಂತೆ. ಅವನು ಎಲ್ಲಿದ್ದಾನೋ ನನಗೆ ಗೊತ್ತಿಲ್ಲ, ಯಾರನ್ನೂ ಕೇಳಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಶಿವಲೀಲಾಳ ಪಕ್ಕದಲ್ಲಿ ನಿಂತೆ. ಗಂಗಾವತಿ ಬಸ್ಸು ಬಂತು. ಒಂದು ಕಾಲು ಮೆಟ್ಟಿಲ ಮೇಲಿಟ್ಟು ಆಕೆ ತಿರುಗಿ ಕೇಳಿದಳು:

"ನಿನ್ನೆ ಒಂಬತ್ತರ ಬಸ್ ಹತ್ತಿದ್ರ ಅಪ್ಪನ ಮುಖ ಸಿಗತಿತ್ತಲ್ರಿ?"

"ಸಿಗತಿತ್ರಿ" ಎಂದೆ.