ಹಣೆಗೆ ಹತ್ತಿದ ಪಾತರಗಿತ್ತಿಯ ಪುಡಿ

ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರಿಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಶಾಲೆಯ ಮೇಡಂ ಒಬ್ಬರು ಕೂತಿದ್ದರು. ಅವರ ಕೈಯಲ್ಲಿ ಸಣ್ಣ ಡಬ್ಬಿ. ಅದರೊಳಗೆ, ಸತ್ತು ಬಿದ್ದಿದ್ದ ಪಾತರಗಿತ್ತಿಯ ಎರಡು ನೀಲಿ ರೆಕ್ಕೆ. ಅವತ್ತಿನ ಪಾಠಕ್ಕೆ ಮಕ್ಕಳಿಗೆ ತೋರಿಸಲು ಒಯ್ಯುತ್ತಿದ್ದರಂತೆ. ಅಂಥ ನೀಲಿಯನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

"ಸ್ವಲ್ಪ ಕೊಡವ್ವ, ನೋಡ್ತೀನಿ" ಅಂದೆ.

"ಸಾವಕಾಶ ಹಿಡೀರಿ ಯಜಮಾನ್ರ" ಎಂದು ಒಂದು ರೆಕ್ಕೆ ಕೊಟ್ಟರು.

ಬಸ್ಸು ಕುಲುಕಿತು. ಜಾರೀತೆಂದು ಒತ್ತಿ ಹಿಡಿದೆ. ಬೆರಳಿಗೆ ನುಣ್ಣನೆಯ ಪುಡಿ ಹತ್ತಿತು. ಬೆರಳಿಗೆ ಪುಡಿ ಹತ್ತಿದರೆ ಕೈ ತಾನಾಗಿ ಹಣೆಗೆ ಹೋಗುವುದು ನಮ್ಮ ಮನೆಯವರ ರೂಢಿ. ವಿಭೂತಿಯಂತೆ ಎಳೆದೇಬಿಟ್ಟೆ.

ಮೇಡಂ ನಕ್ಕರು. ಆಮೇಲೆ ಬಾಗಿ ರೆಕ್ಕೆ ನೋಡಿದರು. ಒತ್ತಿದ ಜಾಗ ಉಳ್ಳಾಗಡ್ಡಿಯ ಒಳಪೊರೆಯಂತೆ ಬೆಳ್ಳಗಾಗಿ, ಆಚೆಯದು ಕಾಣುತ್ತಿತ್ತು.

"ನೀಲಿ ಎಲ್ಲಿ ಹೋತವ್ವ? ಬೆರಳಿಗೆ ಬರೇ ಬೂದಿ ಬಣ್ಣ ಐತಿ."

"ನೀಲಿ ಬಣ್ಣ ಅಲ್ಲಿ ಇರಲೇ ಇಲ್ರಿ. ಆ ಪುಡಿ ಅಂದ್ರ ಸಣ್ಣ ಸಣ್ಣ ಹುರುಪಿ. ಮನಿ ಮ್ಯಾಲೆ ಹಂಚು ಹೊಂದಿಸಿದಂಗ ಕುಂತಿರ್ತಾವ. ಅದರ ಪದರಕ್ಕ ಬೆಳಕು ಬಡದು ತಿರುಗಿದಾಗ ನೀಲಿ ಕಾಣ್ತೈತಿ. ಪದರ ಕೆಟ್ರ ನೀಲಿನೂ ಹೋತು."

"ಮಕ್ಕಳ ಪಾಠ ಕೆಡಿಸಿಬಿಟ್ಟೆ ನಾನು."

"ಇಲ್ಲ ಬಿಡ್ರಿ, ಇನ್ನೊಂದು ಚಲೋ ಐತಿ. ಎರಡೂ ಬಾಜೂ ಬಾಜೂಕ ಇಟ್ಟು ತೋರಸ್ತೀನಿ. ನಾನಾಗಿ ರೆಕ್ಕಿ ಪುಡಿ ಒರಸಾಕ ಮನಸ್ಸು ಬರ್ತಿರಲಿಲ್ಲ."

ಜೀವ ಹಗುರಾಯಿತು. ಆದರೆ ಹಣೆಗೆ ಹಚ್ಚಿಕೊಂಡದ್ದನ್ನು ದಾರಿಯಲ್ಲಿ ಒರೆಸಿಕೊಂಡವನಲ್ಲ ನಾನು. ಕೊಟ್ಟೂರಿನ ಗುಡಿಯಲ್ಲಿ ಕೊಟ್ಟ ವಿಭೂತಿಯನ್ನು ಅದರ ಮೇಲೆಯೇ ಹಚ್ಚಿಕೊಂಡೆ. ಎರಡನ್ನೂ ಕೊಟ್ಟವನು ಆ ದೇವರೇ. ಯಾವುದು ಮೇಲೆ, ಯಾವುದು ಕೆಳಗೆ ಎಂದು ನನ್ನ ಸಂಗಡ ಜಗಳಕ್ಕೆ ಬರಲಿಕ್ಕಿಲ್ಲ.