ಒಂದನೇ ನಂಬರಿನ ಅರ್ಜಿ

ಆ ವಸತಿ ಕಚೇರಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಚೀಟಿ ಮೇಡಂ ಎಂದೇ. ವರ್ಷಕ್ಕೆ ಎಣಿಸಿ ಐನೂರು ಅರ್ಜಿ ಫಾರ್ಮ್, ನಲವತ್ತು ಮನೆ. ಯಾರಿಗೆ ಸಿಗಬೇಕೆಂದು ಲಾಟರಿ ಎತ್ತುವ ಪ್ರೋಗ್ರಾಂ ಬರೆದವಳು ಅವಳು. ಮಂತ್ರಿಯ ಭಾವಮೈದ ಬಂದು ನಿಂತರೂ ಒಂದೇ ಮಾತು: "ನಮ್ಮ ಕಂಪ್ಯೂಟರಿಗೆ ನೆಂಟರಿಲ್ಲ ಸಾರ್." ಹಾಗೆನ್ನುವಾಗ ಮೂಗು ತುಸು ಮೇಲಕ್ಕೇ ಇರುತ್ತಿತ್ತು. ಇರಲಿ ಬಿಡಿ, ಪ್ರಾಮಾಣಿಕರಿಗೆ ಅಷ್ಟಾದರೂ ಬೇಡವೇ?

ಅಲ್ಲಿ ಕಸ ಗುಡಿಸುವ ಅಕ್ಕ ಏಳು ವರ್ಷದಿಂದ ಅರ್ಜಿ ಹಾಕುತ್ತಿದ್ದಳು. ಬಾಡಿಗೆಯ ಒಂದೇ ಕೋಣೆಯಲ್ಲಿ ಐದು ಜನ. ಮೊದಲು ನಿಂತವರ ಮೇಲೆ ಅದೃಷ್ಟದ ಕಣ್ಣು ಮೊದಲು ಬೀಳುತ್ತದೆಂದು ಅವಳ ನಂಬಿಕೆ. ಪ್ರತಿ ವರ್ಷವೂ ಕಿಟಕಿ ತೆರೆಯುವ ಮುನ್ನವೇ ನಿಂತು ಒಂದನೇ ನಂಬರು ಪಡೆಯುತ್ತಿದ್ದಳು. ಈ ವರ್ಷವೂ ಪಟ್ಟಿಯಲ್ಲಿ ಅವಳ ಹೆಸರಿಲ್ಲ.

"ನನ್ನ ಹಣೇಬರಹಾನೇ ಸರಿಯಿಲ್ಲ ಮೇಡಂ," ಎಂದಳು, ಪೊರಕೆಯನ್ನು ಗೋಡೆಗೊರಗಿಸಿ.

"ಹಾಗನ್ಬೇಡಿ ಅಕ್ಕ. ಇಲ್ಲಿ ಯಾರ ಕೈವಾಡಾನೂ ಇಲ್ಲ. ಬನ್ನಿ, ಸುಮ್ನೆ ಓಡಿಸಿ ತೋರಿಸ್ತೀನಿ."

ಗುಂಡಿ ಒತ್ತಿದಳು. ಗೆದ್ದ ಅರ್ಜಿಗಳ ನಂಬರು ಪರದೆ ಮೇಲೆ ಬಂದವು: 212, 38, 401. ಅಕ್ಕ ತಲೆಯಾಡಿಸಿದಳು. ಮತ್ತೆ ಒತ್ತಿದಳು. 212, 38, 401.

"ಮೇಡಂ, ಅದೇ ಬಂತಲ್ಲ?"

ಮೂರನೇ ಸಲವೂ ಅದೇ. ಚೀಟಿ ಮೇಡಂ ತಾನು ಬರೆದ ಪ್ರೋಗ್ರಾಂ ತೆರೆದು ನೋಡಿದಳು.

ಏಳು ವರ್ಷದ ಹಿಂದೆ ಗುಣಮಟ್ಟದ ತಪಾಸಣೆಗೆ ಬಂದ ಅಧಿಕಾರಿ ದಪ್ಪ ನಿಯಮಪುಸ್ತಕ ತೆರೆದು, "ಎಷ್ಟು ಸಲ ಓಡಿಸಿದ್ರೂ ಪ್ರೋಗ್ರಾಂ ಒಂದೇ ಉತ್ತರ ಕೊಡ್ಬೇಕು. ನಿಮ್ಮದು ಬೇರೆ ಬೇರೆ ಕೊಡ್ತಿದೆ. ಫೇಲ್," ಎಂದಿದ್ದ. ಲಾಟರಿ ಅಂದ್ರೆ ಹಾಗೇ ಸಾರ್ ಎಂದರೆ ಪುಣ್ಯಾತ್ಮ ಕೇಳಬೇಕಲ್ಲ! ಲಾಟರಿ ಎತ್ತಲು ಕಂಪ್ಯೂಟರಿಗೆ ಶುರು ಮಾಡಲೊಂದು ಸಂಖ್ಯೆ ಬೇಕು. ಶುರು ಒಂದೇ ಆದರೆ ಫಲಿತಾಂಶವೂ ಒಂದೇ. ಅವನ ಕಣ್ಣೊರೆಸಲು ಆ ಸಂಖ್ಯೆಯನ್ನು ಬದಲಾಗದಂತೆ ಕಟ್ಟಿಹಾಕಿದಳು. ಪ್ರಮಾಣಪತ್ರ ಗೋಡೆಗೇರಿತು. ಕಟ್ಟಿದ್ದನ್ನು ಬಿಚ್ಚುವುದು ಮರೆತೇ ಹೋಯಿತು. ಪಟ್ಟಿಯಲ್ಲಿ ನಂಬರಿಲ್ಲದೆ ಹೆಸರು ಮಾತ್ರ ಅಚ್ಚಾಗುತ್ತಿದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ.

ಇದನ್ನೆಲ್ಲ ಅವಳ ಬಾಯಿಂದ ಕೇಳಿದ ಅಕ್ಕ, "ಅಂದ್ರೆ ಒಂದನೇ ನಂಬರಿಗೆ...?" ಎಂದಳು.

"ಯಾವತ್ತೂ ಸಿಗ್ತಿರಲಿಲ್ಲ ಅಕ್ಕ. ನೂರು ವರ್ಷ ನಿಂತಿದ್ರೂ. ತಪ್ಪು ನಂದು."

ಅಕ್ಕ ಪರದೆಯತ್ತ ಬಾಗಿದಳು. "ಕೊನೇ ನಂಬರಿಗೆ?"

ಮೇಡಂ ಪಟ್ಟಿಯನ್ನು ಕೆಳಗೆ ಸರಿಸಿದಳು. ಗೆದ್ದ ನಲವತ್ತರಲ್ಲಿ ಐನೂರನೇ ನಂಬರೂ ಇತ್ತು. ಏಳು ವರ್ಷವೂ.

ಅಕ್ಕ ನೆಲದ ಮೇಲೇ ಕೂತಳು. "ಕಿಟಕಿ ಮುಚ್ಚೋ ಹೊತ್ತಿಗೆ ಯಾರಾದ್ರೂ ಏದುಸಿರು ಬಿಡ್ತಾ ಓಡಿ ಬರೋರು. ಪಾಪ, ನನ್ನ ಹಾಗೇ ಕಷ್ಟದಲ್ಲಿರೋರು ಅಂತ ನಾನೇ ಗುಮಾಸ್ತರ ಕೈಕಾಲು ಹಿಡಿದು ಆ ಕೊನೇ ಫಾರ್ಮ್ ಕೊಡಿಸ್ತಿದ್ದೆ. ಏಳು ಮನೆ ಕೊಡಿಸಿದೀನಾ ಮೇಡಂ ನಾನು?"

ತಪ್ಪೊಪ್ಪಿಗೆ ಬರೆಯಲು ಕಾಗದ ಎಳೆದುಕೊಂಡಿದ್ದ ಚೀಟಿ ಮೇಡಂ, ಬರೆದರೆ ಆ ಏಳು ಮನೆಗಳೂ ರದ್ದಾಗುತ್ತವಲ್ಲ ಎಂದು ಪೆನ್ನು ಹಿಡಿದು ಹಾಗೇ ಕೂತಳು.