ನಾಯಿಗೆ ಮೊಟ್ಟೆ ಸುಲಿಯುವ ಅಜ್ಜಿ

ಖಾನಾಪುರದ ನಮ್ಮ ಮನೆಯಲ್ಲಿ ಯಾರೂ ಮೊಟ್ಟೆ ಮುಟ್ಟಿಲ್ಲ ಎಂದು ಬಂಧುಗಳು ಹೇಳುತ್ತಾರೆ. ಖರೇನಾ? ಮೊನ್ನೆ ಹಿತ್ತಿಲಲ್ಲಿ ನನ್ನ ಅಜ್ಜಿಯೇ ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಮರಿ ಹಾಕಿದ ಬೀದಿನಾಯಿಗೆ ಬೇಯಿಸಿದ ಮೊಟ್ಟೆ ಸುಲಿಯುತ್ತಿದ್ದಳು.

“ಆಯಿ, ಕೊರಳಾಗ ಲಿಂಗ, ಕೈಯಾಗ ತತ್ತಿ! ಪಾಪ ಹತ್ತೂದಿಲ್ಲೇನು?” ಎಂದು ಕೆಣಕಿದೆ.

“ಹತ್ತಿದ್ರ ನನಗ ಹತ್ತಲಿ ಬಿಡೋ. ಬಾಣಂತಿ ಐತಿ, ಮರಿಗೋಳಿಗೆ ಹಾಲ ಸಾಲವಲ್ದು.”

ತಲೆಗೆ ತಣ್ಣೀರು ಸುರಿದುಕೊಂಡ ಮೇಲೆಯೇ ಅವಳು ಅಡುಗೆಮನೆಗೆ ಹೋದಳು. ಮೊಟ್ಟೆ ಮುಟ್ಟಿದಾಗಲೆಲ್ಲ ಹೀಗೇ ಮೀಯುತ್ತಾಳಂತೆ.

ಬೆಳಗಾವಿಯ ಕ್ಯಾಂಪ್ ಪ್ರದೇಶದ ಹೋಟೆಲಿನಲ್ಲಿ ಗುಟ್ಟಾಗಿ ಆಮ್ಲೆಟ್ ತಿನ್ನುವ ನನಗೆ ನಾಚಿಕೆಯಾಯಿತು. ಒದ್ದೆ ಕೂದಲಲ್ಲೇ ರೊಟ್ಟಿ ಬಡಿಯುತ್ತಿದ್ದವಳನ್ನು ಮೆಲ್ಲಗೆ ಕೇಳಿದೆ: “ಆಯಿ, ನಾಳಿಂದ ತತ್ತಿ ನಾ ಸುಲೀಲೇನು?”